ಏಳು ತಿಂಗಳು ಸಾಕಿದ ನಾಯಿ, ಈಗ ವಾಪಸ್ ಕೊಡಿ ಅಂತಿದ್ದಾರೆ. ನನಗೇನಾದರೂ ಹಕ್ಕು ಇದೆಯಾ?

ಸುಂಟಿಕೊಪ್ಪದ ಸೊಸೆ · ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ಕಳೆದ ಆಗಸ್ಟ್ 2ಕ್ಕೆ, ಅಂದರೆ ನಮ್ಮ ಕೊಡಗಿನ ಕಕ್ಕಡ ಹದಿನೆಂಟರ ಹಬ್ಬದ ಹಿಂದಿನ ದಿನ, ನಮ್ಮ ಮನೆಗೆ ಒಂದು ನಾಯಿ ಬಂತು. ಕುಶಾಲನಗರ ರಸ್ತೆಯಲ್ಲಿ ಯಾವುದೋ ಗಾಡಿ ಗುದ್ದಿ ಹಿಂಗಾಲು ಮುರಿದಿತ್ತು. ಬೇರೆ ಊರಿನ ಒಂದು ರೆಸ್ಕ್ಯೂ ಗುಂಪಿನವರು ಎತ್ತಿಕೊಂಡು ಹೋಗಿ ಆಪರೇಷನ್ ಮಾಡಿಸಿದ್ದರು. ಮೂರು ವಾರ ಇಟ್ಟುಕೊಳ್ಳೋ ಫಾಸ್ಟರ್ ಮನೆ ಬೇಕು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಾನು ಹೂಂ ಅಂದೆ. ಆ ಮೂರು ವಾರ ಇವತ್ತಿಗೆ ಏಳು ತಿಂಗಳು.

ಬಂದ ಎರಡನೇ ದಿನ ಅಂಗಳದಲ್ಲಿ ಉಚ್ಚೆಗೆ ಅಂತ ಐದು ನಿಮಿಷ ಬಿಟ್ಟಿದ್ದೆ. ಬೆರಳ ಸಂದಿಯಲ್ಲಿ ಹನ್ನೊಂದು ಜಿಗಣೆ ಹತ್ತಿಸಿಕೊಂಡು ಬಂತು. ಅದಕ್ಕೇ ಜಿಗ್ಣಿ ಅಂತ ಹೆಸರಿಟ್ಟೆವು. ಸ್ವಭಾವವೂ ಹಾಗೇ, ಹತ್ತಿಕೊಂಡರೆ ಬಿಡುವ ಪೈಕಿ ಅಲ್ಲ. ಈಗ ನಮ್ಮ ಅತ್ತೆಯ ಮಂಚದ ಕೆಳಗೆ ಮಲಗುತ್ತದೆ. ನಾಯಿ ಒಳಗೆ ಬರಬಾರದು ಅಂತ ರೂಲ್ಸ್ ಮಾಡಿದವರೇ ಅತ್ತೆ.

ಜನವರಿಯಲ್ಲೇ ನಾವೇ ದತ್ತು ತಗೋತೀವಿ ಅಂತ ಮೆಸೇಜ್ ಹಾಕಿದ್ದೆ. 'ನೋಡೋಣ ಅಕ್ಕ' ಅಂದರು. ಮೊನ್ನೆ ಫೋನ್ ಮಾಡಿ, ಬೆಂಗಳೂರಲ್ಲಿ ಒಂದು ಮನೆ ಫಿಕ್ಸ್ ಆಗಿದೆ, ಭಾನುವಾರ ಬರ್ತೇವೆ, ನಾಯಿ ರೆಡಿ ಇಡಿ ಅಂತಾರೆ. ನಮಗೆ ಯಾಕೆ ಕೊಡಲ್ಲ ಅಂದರೆ ಕಾಂಪೌಂಡ್ ಇಲ್ಲ, ಆರು ಎಕರೆ ಬಯಲು ತೋಟ, ಚಿರತೆ ಓಡಾಟ ಇದೆ ಅಂತ. ಆ ಮನೆ ಒಂಬತ್ತನೇ ಮಹಡಿ ಫ್ಲ್ಯಾಟ್!

ಮೊದಲ ದಿನ ಒಂದು ಹಾಳೆಗೆ ಸಹಿ ಹಾಕಿದ್ದೆ. ಅದರಲ್ಲಿ 'ನಾಯಿ ಸಂಸ್ಥೆಗೆ ಸೇರಿದ್ದು, ಕೇಳಿದಾಗ ಹಿಂತಿರುಗಿಸತಕ್ಕದ್ದು' ಅಂತಿದೆ. ಮಳೆ ಸುರೀತಿತ್ತು, ಓದದೆ ಹಾಕಿದೆ. ಇದುವರೆಗೆ ನನ್ನ ಕೈಯಿಂದ 23,400 ರೂಪಾಯಿ ಹೋಗಿದೆ. ಬಿಲ್ ಇರೋದು 14 ಸಾವಿರಕ್ಕೆ ಮಾತ್ರ.

ಇಷ್ಟು ದಿನ ನೋಡಿಕೊಂಡವರಿಗೆ ಕಾನೂನಿನಲ್ಲಿ ಏನೂ ಇಲ್ವಾ?

ರೋಬಸ್ಟಾ ಬಾಯ್

ಕೊಡಬೇಡಿ ಅಕ್ಕ. ಗೇಟ್ ಹಾಕಿ ಕೂತ್ಕೊಳ್ಳಿ. ಏನ್ ಮಾಡ್ತಾರೆ?

ಹೋಂಸ್ಟೇ ಅಂಕಲ್

ಗೇಟ್ ಇಲ್ಲ ಅಂತಾನೇ ತಕರಾರು ಬಂದಿರೋದು ಮಾರಾಯ. ಸರಿಯಾಗಿ ಓದು.

ಕರಿಕೋಟು

ಮಡಿಕೇರಿಯಲ್ಲಿ ವಕೀಲಿ ಮಾಡ್ತೇನೆ. ಇಷ್ಟವಾಗದ ಮಾತು ಮೊದಲೇ ಹೇಳಿಬಿಡ್ತೇನೆ.

ನಮ್ಮ ದೇಶದಲ್ಲಿ ಫಾಸ್ಟರ್ ಮಾಡಿದವರಿಗೆ ಅಂತ ಬೇರೆ ಕಾನೂನು ಇಲ್ಲ. 'ದತ್ತು' ಅನ್ನೋ ಮಾತೂ ನಾಯಿ ವಿಷಯದಲ್ಲಿ ಬಾಯಿಮಾತು. ಮಕ್ಕಳ ದತ್ತಿನ ಕಾನೂನಿಗೂ ಇದಕ್ಕೂ ಸಂಬಂಧ ಇಲ್ಲ. ಕಾನೂನಿನ ಕಣ್ಣಿಗೆ ನಾಯಿ ಚರಾಸ್ತಿ. ನಿಮ್ಮ ಸ್ಕೂಟರ್ ಇದ್ದ ಹಾಗೆ. ಹೊಡೆಯೋದು, ಉಪವಾಸ ಕೆಡವೋದು ಮಾತ್ರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಬರುತ್ತದೆ. ಯಾರ ಮನೆಯಲ್ಲಿ ಜಾಸ್ತಿ ಖುಷಿಯಾಗಿರುತ್ತೆ ಅಂತ ತೀರ್ಮಾನ ಮಾಡೋ ಕಾಯ್ದೆ ಅದಲ್ಲ.

ನಿಮ್ಮ ಕೇಸಿಗೆ ಹೊಂದೋದು 1872ರ ಕರಾರು ಕಾಯ್ದೆ. ಒಬ್ಬರು ತಮ್ಮ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬರ ಕೈಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಅನ್ನೋ ಮಾತಾದರೆ ಅದು ಬೇಲ್‌ಮೆಂಟ್, ಸೆಕ್ಷನ್ 148. ಅವಧಿ ಮುಗಿದರೆ ಕೊಡಬೇಕು ಅನ್ನೋದು 160. ಏಳು ತಿಂಗಳು ಆಯ್ತು ಅನ್ನೋ ಒಂದೇ ಕಾರಣಕ್ಕೆ ಮಾಲೀಕತ್ವ ಬದಲಾಗಲ್ಲ. ಏಳು ವರ್ಷ ಆದರೂ ಅಷ್ಟೇ. ಹಾಳೆ ಬೇರೆ ಅವರ ಪರ ಇದೆ.

ಹಾಗಂತ ನಿಮ್ಮ ಕೈ ಪೂರ್ತಿ ಖಾಲಿ ಇಲ್ಲ. ಸೆಕ್ಷನ್ 158 ನೋಡಿ. ಸಂಬಳವಿಲ್ಲದೆ ಇಟ್ಟುಕೊಂಡವರು ಅದಕ್ಕಾಗಿ ಮಾಡಿದ ಅಗತ್ಯ ಖರ್ಚನ್ನು ಕೊಟ್ಟವರು ತುಂಬಿಕೊಡಬೇಕು. ಹಾಳೆಯಲ್ಲಿ 'ಊಟದ ಖರ್ಚು ಫಾಸ್ಟರ್‌ದು' ಅಂತ ಇದ್ದರೆ ಆ ಭಾಗ ಹೋಗುತ್ತದೆ. ಔಷಧಿ, ಎಕ್ಸ್‌ರೇ ಕೇಳಬಹುದು. ಹಾಳೆಯ ಫೋಟೋ ಹಾಕಿ, ಹೆಸರುಗಳನ್ನು ಮುಚ್ಚಿ.

ರೋಬಸ್ಟಾ ಬಾಯ್

ಸ್ಕೂಟರ್ ಮಂಚದ ಕೆಳಗೆ ಮಲಗುತ್ತಾ ಸರ್?

ಕರಿಕೋಟು

ಕಾನೂನು ನಾನು ಬರೆದಿದ್ದಲ್ಲ ತಮ್ಮಾ.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್

ಸುಲಭದ ದಾರಿ ಹೇಳ್ಲಾ? ಶನಿವಾರ ರಾತ್ರಿ ಫೋನ್ ಮಾಡಿ 'ಚಿರತೆ ಹಿಡ್ಕೊಂಡು ಹೋಯ್ತು' ಅಂದುಬಿಡಿ. ಕೊಡಗಿನಲ್ಲಿ ಯಾರೂ ಪ್ರಶ್ನೆ ಕೇಳಲ್ಲ. ನಾಯಿಯನ್ನು ಒಂದು ವಾರ ಅಣ್ಣನ ಮನೆಗೆ ಕಳಿಸಿ.

ಬೀದಿ ಬಾಲ

ನಾನು ರೆಸ್ಕ್ಯೂ ಕೆಲಸ ಮಾಡುವವಳು. ಇವರ ಗುಂಪಿನವಳಲ್ಲ. ಚಿರತೆ ಇದೆ ಅಂತಾನೇ ಅವರು ಈ ಮನೆ ಬೇಡ ಅಂದಿದ್ದು. ನೀವು ಚಿರತೆ ಕಥೆ ಹೇಳಿದರೆ ಅವರು ಹೇಳಿದ್ದೇ ನಿಜ ಅಂತ ಆಗುತ್ತದೆ. ಇನ್ಯಾವತ್ತೂ ಕೊಡಗಿಗೆ ಒಂದು ನಾಯಿ ಕಳಿಸಲ್ಲ.

ಕರಿಕೋಟು

ಅದಕ್ಕಿಂತ ದೊಡ್ಡ ತೊಂದರೆ ಇದೆ. ನಂಬಿ ಕೊಟ್ಟ ವಸ್ತುವನ್ನು ಸುಳ್ಳು ಹೇಳಿ ಒಳಗೆ ಹಾಕಿಕೊಂಡರೆ ಅದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316. ಈಗ ಇರೋದು ಸಿವಿಲ್ ಜಗಳ, ಸ್ಟೇಷನ್‌ಗೆ ಹೋದರೂ 'ಕೂತು ಮಾತಾಡ್ಕೊಳ್ಳಿ' ಅಂತಾರೆ. ಚಿರತೆ ಕಥೆ ಕಟ್ಟಿದರೆ ನೀವಾಗೇ ಅದನ್ನು ಕ್ರಿಮಿನಲ್ ಮಾಡಿದ ಹಾಗೆ. ದಯವಿಟ್ಟು ಬೇಡ.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್

ತಮಾಷೆಗೆ ಹೇಳಿದ್ದು ಸ್ವಾಮಿ.

ಕೋಟೆಬೆಟ್ಟ

ಅಲ್ಲಾ, ನಿಜವಾಗ್ಲೂ ಚಿರತೆ ತಗೊಂಡು ಹೋದರೆ? ಫಾಸ್ಟರ್ ಮಾಡಿದವರು ದುಡ್ಡು ಕಟ್ಟಬೇಕಾ?

ಕರಿಕೋಟು

ಕರಾರು ಕಾಯ್ದೆಯ ಸೆಕ್ಷನ್ 151. ಸಾಮಾನ್ಯ ಬುದ್ಧಿ ಇರೋ ಮನುಷ್ಯ ತನ್ನದೇ ನಾಯಿಯನ್ನು ಹೇಗೆ ನೋಡ್ಕೋತಾನೋ ಅಷ್ಟು ಜಾಗ್ರತೆ ಸಾಕು. ರಾತ್ರಿ ಒಳಗೆ ಹಾಕಿ ಬಾಗಿಲು ಮುಚ್ಚಿದ್ದರೆ ನಿಮ್ಮ ತಪ್ಪಿಲ್ಲ. ರಾತ್ರಿಯಿಡೀ ಕಣದಲ್ಲಿ ಕಟ್ಟಿ ಹಾಕಿದ್ದರೆ ಕಷ್ಟ.

ಸುಂಟಿಕೊಪ್ಪದ ಸೊಸೆ · ಸೋಮವಾರ, ರಾತ್ರಿ 11.25

ಹಾಳೆಯ ಫೋಟೋ ಹಾಕಿದ್ದೇನೆ. ಖರ್ಚಿನ ಬಗ್ಗೆ ಒಂದು ಸಾಲೂ ಇಲ್ಲ. ಜಿಗ್ಣಿ ರಾತ್ರಿ ಹೊರಗೆ ಮಲಗಿದ್ದೇ ಇಲ್ಲ. ಇನ್ನೊಂದು ಪ್ರಶ್ನೆ: ಲಸಿಕೆ ಕಾರ್ಡಿನಲ್ಲಿ ಓನರ್ ಅಂತ ನನ್ನ ಹೆಸರೇ ಇದೆ. ಅದು ನಡೆಯಲ್ವಾ?

ನಿವೃತ್ತ ಪಶುವೈದ್ಯ

ಅಮ್ಮಾ, ಆ ಕಾರ್ಡನ್ನು ನಾನೇ ಸಾವಿರಾರು ಬರೆದಿದ್ದೇನೆ. ನಾಯಿ ಹಿಡಿದುಕೊಂಡು ಬಂದವರ ಹೆಸರು ಕೇಳಿ ಓನರ್ ಜಾಗದಲ್ಲಿ ಗೀಚುತ್ತೇವೆ, ಅಷ್ಟೇ. ಎಷ್ಟೋ ಸಲ ತೋಟದ ರೈಟರ್ ಹೆಸರು, ಜೀಪ್ ಡ್ರೈವರ್ ಹೆಸರು ಹಾಕಿದ್ದೂ ಉಂಟು. ಹಾಗಂತ ನಾಯಿ ಡ್ರೈವರ್‌ದಾಗುತ್ತಾ? ನಾಯಿಯ ಚರ್ಮದ ಕೆಳಗೆ ಹಾಕೋ ಮೈಕ್ರೋಚಿಪ್ ಕಥೆಯೂ ಅದೇ. 15 ಅಂಕಿಯ ಒಂದು ನಂಬರ್ ಬರುತ್ತದೆ. ಆ ನಂಬರಿನ ಮುಂದೆ ಯಾರ ಹೆಸರು ಬರೆಸಿದ್ದಾರೆ ಅನ್ನೋದು ಸಾಕ್ಷಿ ಮಾತ್ರ, ಪಹಣಿ ಅಲ್ಲ.

ಆದರೂ ಕಾರ್ಡ್ ಜೋಪಾನವಾಗಿ ಇಟ್ಟುಕೊಳ್ಳಿ. ನೀವು ಹೇಗೆ ನೋಡಿಕೊಂಡಿರಿ ಅನ್ನೋದಕ್ಕೆ ಪುರಾವೆ. ಕಾಲಿನ ರಾಡ್ ತೆಗೆಸಿದ್ದೀರಾ? ಸಂತಾನಹರಣ ಆಗಿದೆಯಾ?

ಸುಂಟಿಕೊಪ್ಪದ ಸೊಸೆ

ಎರಡೂ ಆಗಿದೆ ಡಾಕ್ಟ್ರೇ. ರಾಡ್ ತೆಗೆಸಿದ್ದು ನನ್ನ ಖರ್ಚಲ್ಲೇ. ನವೆಂಬರಲ್ಲಿ ಉಣ್ಣೆ ಜ್ವರ ಬಂದು ನಾಲ್ಕು ದಿನ ಡ್ರಿಪ್ ಹಾಕಿಸಿದ್ದೆ.

ಕಾವೇರಿ ತೀರ್ಥ

ಜಿಗಣೆಗೆ ನಾವು ಸುಣ್ಣ ಮತ್ತು ಹೊಗೆಸೊಪ್ಪಿನ ಬಟ್ಟೆ ಗಂಟು ಕೋಲಿಗೆ ಕಟ್ಟಿ ಮುಟ್ಟಿಸ್ತೇವೆ. ಪಟ್ ಅಂತ ಬೀಳುತ್ತೆ. ನಾಯಿಗೂ ಮಾಡಿ ನೋಡಿ.

ನಿವೃತ್ತ ಪಶುವೈದ್ಯ

ನಾಯಿಗೆ ಖಂಡಿತ ಬೇಡ! ನಾಯಿ ಕಾಲು ನೆಕ್ಕುತ್ತದೆ, ಹೊಗೆಸೊಪ್ಪು ಅದಕ್ಕೆ ವಿಷ. ಜಿಗಣೆಯ ಬಾಯಿಯ ಬುಡದಲ್ಲಿ ಉಗುರು ಇಟ್ಟು ಪಕ್ಕಕ್ಕೆ ಜಾರಿಸಿ ತೆಗೆಯಿರಿ.

ಆಗುಂಬೆ ಅಳಿಯ

ನಮ್ಮ ಕಡೆ ಇಂಬಳ ಅಂತೀವಿ. ಹಾಗಾದರೆ ನಾಯಿ ಹೆಸರು ಇಂಬ್ಳಿ.

ಹೋಂಸ್ಟೇ ಅಂಕಲ್

ಇಲ್ಲಿ ನಾಯಿ ಹೋಗ್ತಾ ಇದೆ, ಇವರಿಗೆ ಹೆಸರಿನ ಚಿಂತೆ.

ಬೀದಿ ಬಾಲ

ಇಲ್ಲಿ ಎಲ್ಲರೂ ಆ ಗುಂಪನ್ನು ಬೈಯ್ತಾ ಇದ್ದೀರಿ. ನಮ್ಮ ಕಡೆಯ ಮಾತೂ ಕೇಳಿ. 'ನಾಯಿ ಸಂಸ್ಥೆಯದ್ದು' ಅನ್ನೋ ಸಾಲು ನಾವು ಸುಮ್ನೆ ಹಾಕೋದಿಲ್ಲ. ಮೂರು ವರ್ಷದ ಹಿಂದೆ ನಾವೊಂದು ಲ್ಯಾಬ್ರಡಾರ್ ಹೆಣ್ಣನ್ನು ಫಾಸ್ಟರ್‌ಗೆ ಕೊಟ್ಟಿದ್ದೆವು. ಕಾಗದ ಇರಲಿಲ್ಲ. ಎರಡು ತಿಂಗಳು ಬಿಟ್ಟು ನೋಡಿದರೆ ಮರಿ ಹಾಕಿಸಿ ಮಾರೋಕೆ ಇಟ್ಟಿದ್ದರು. ಇನ್ನೊಂದನ್ನು 'ತುಂಬಾ ಪ್ರೀತಿಯಿಂದ ನೋಡ್ಕೋತೀವಿ' ಅಂತ ತಗೊಂಡವರು ತೋಟ ಕಾಯೋಕೆ ಒಂದೂವರೆ ಮೀಟರ್ ಸರಪಳಿಯಲ್ಲಿ ಕಟ್ಟಿದ್ದರು. ಅಲ್ಲಿಂದ ಮೇಲೆ ಎಲ್ಲರಿಗೂ ಕಾಗದ.

ಇನ್ನೊಂದು ವಿಷಯ. ಫಾಸ್ಟರ್ ಮನೆ ಸಿಗೋದು ದತ್ತು ಮನೆ ಸಿಗೋದಕ್ಕಿಂತ ಕಷ್ಟ. ಫಾಸ್ಟರ್ ಮಾಡಿದವರೇ ಇಟ್ಟುಕೊಂಡರೆ ನಮಗೆ ಒಂದು ಮನೆ ಕಡಿಮೆ ಆಯ್ತು. ನಮ್ಮಲ್ಲಿ ಅದಕ್ಕೆ ನಗಾಡಿಕೊಂಡು 'ಫಾಸ್ಟರ್ ಫೇಲ್' ಅಂತಾರೆ. ಆದರೂ ನಮ್ಮ ಗುಂಪಿನಲ್ಲಿ ಮೊದಲ ಅವಕಾಶ ಅವರಿಗೇ. ಇವರಿಗೆ ಜನವರಿಯಲ್ಲೇ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಎರಡು ತಿಂಗಳು ತೂಗುಹಾಕಿದ್ದು ತಪ್ಪು. ಅಷ್ಟು ಒಪ್ಪುತ್ತೇನೆ.

ರೋಬಸ್ಟಾ ಬಾಯ್

ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬೀಳೋ ನಾಯಿಗಳ ಲೆಕ್ಕ ಯಾರಿಟ್ಟಿದ್ದಾರೆ? ಕಾಂಪೌಂಡ್ ಬೇಕಂತೆ ಕಾಂಪೌಂಡ್. ಕೊಡಗಿನ ಯಾವ ತೋಟಕ್ಕೆ ಕಾಂಪೌಂಡ್ ಇದೆ? ಆನೆ ಬಂದರೆ ಇದ್ದ ಬೇಲಿಯೂ ಇರಲ್ಲ.

ಬೀದಿ ಬಾಲ

ಆನೆಯನ್ನು ತಡೆಯಿರಿ ಅಂತ ಯಾರೂ ಕೇಳಿಲ್ಲ. ನಾಯಿ ಹೊರಗೆ ಹೋಗದ ಹಾಗೆ ಮನೆ ಸುತ್ತ ಒಂದಿಷ್ಟು ಮೆಶ್ ಹಾಕಿ ಅನ್ನೋದು. ಕೋಳಿಗೂಡಿಗೆ ಹಾಕ್ತೀರಲ್ಲ.

ನಾಪೋಕ್ಲು 571214

ನನ್ನ ಕಥೆ ಸ್ವಲ್ಪ ಬೇರೆ. ಭಾಗಮಂಡಲದ ದಾರಿಯಲ್ಲಿ ಸಿಕ್ಕ ಮರಿಯನ್ನು ನಾನೇ ಎತ್ತಿ ತಂದೆ. ಒಂದು ಗುಂಪಿಗೆ ಫೋಟೋ ಕಳಿಸಿದೆ, ಅವರ ಪೇಜಲ್ಲಿ ಹಾಕಿದರು. 'ನೀವು ಫಾಸ್ಟರ್, ನಾವು ಹೇಳುವವರಿಗೆ ಕೊಡಬೇಕು' ಅಂತ ಆಮೇಲೆ ಶುರು ಮಾಡಿದರು. ಒಂದು ರೂಪಾಯಿ ಖರ್ಚು ಮಾಡಿಲ್ಲ, ನಾಯಿಯನ್ನು ಕಣ್ಣಲ್ಲಿ ನೋಡಿಲ್ಲ. ನಾನೂ ಕೊಟ್ಟುಬಿಡಬೇಕಾ?

ಕರಿಕೋಟು

ನಿಮ್ಮದು ಪೂರ್ತಿ ಉಲ್ಟಾ. ನಾಯಿ ನಿಮ್ಮ ಕೈಗೆ ಬಂದಿದ್ದು ಅವರಿಂದ ಅಲ್ಲ. ಫೋಟೋ ಹಾಕಿದ ಮಾತ್ರಕ್ಕೆ ಯಾರೂ ಮಾಲೀಕರಾಗಲ್ಲ. ಸಹಿ ಏನೂ ಮಾಡಿಲ್ಲ ತಾನೇ? ಹಾಗಾದರೆ ಬಿದ್ದ ವಸ್ತು ಸಿಕ್ಕವರು ನೀವು. ಸೆಕ್ಷನ್ 71ರ ಪ್ರಕಾರ ಅದನ್ನು ಜೋಪಾನ ಮಾಡೋ ಹೊಣೆ ನಿಮ್ಮದು. ನಿಜವಾದ ಮಾಲೀಕ ಯಾರಾದರೂ ಬಂದರೆ, 168ರ ಪ್ರಕಾರ ನಿಮ್ಮ ಖರ್ಚು ಕೊಡುವ ತನಕ ನಾಯಿಯನ್ನು ಇಟ್ಟುಕೊಳ್ಳಬಹುದು.

ಸುಂಟಿಕೊಪ್ಪದ ಅಕ್ಕನಿಗೆ ಈ 168 ಸಿಗಲ್ಲ. ಅವರಿಗೆ ನಾಯಿ ಸಿಕ್ಕಿದ್ದಲ್ಲ, ಒಬ್ಬರು ಕೊಟ್ಟಿದ್ದು. ಖರ್ಚು ಕೇಳಬಹುದು, ಆದರೆ 'ದುಡ್ಡು ಕೊಡೋ ತನಕ ನಾಯಿ ಬಿಡಲ್ಲ' ಅಂತ ಹಟ ಹಿಡಿಯೋಕೆ ನಾನು ಹೇಳಲಾರೆ.

ಕೋಟೆಬೆಟ್ಟ

ಆದರೆ ವಕೀಲರೇ, ಅದು ಬೀದಿ ನಾಯಿ. ಆ ಗುಂಪಿನವರು ಮಾತ್ರ ಹೇಗೆ ಮಾಲೀಕರಾಗ್ತಾರೆ? ಅವರಿಗೂ ರಸ್ತೆಯಲ್ಲೇ ಸಿಕ್ಕಿದ್ದಲ್ವಾ?

ಕರಿಕೋಟು

ಒಳ್ಳೆ ಪಾಯಿಂಟ್. ಕೋರ್ಟಲ್ಲಿ ಮೊದಲು ಬರೋ ವಾದ ಅದೇ. ಆದರೆ ಒಬ್ಬರಿಂದ ವಸ್ತು ತಗೊಂಡ ಮೇಲೆ 'ಕೊಡೋಕೆ ನಿನಗೇ ಹಕ್ಕಿರಲಿಲ್ಲ' ಅಂತ ತಗೊಂಡವರು ವಾದ ಮಾಡೋ ಹಾಗಿಲ್ಲ. ಸಾಕ್ಷ್ಯ ಕಾನೂನು ಅದಕ್ಕೆ ಬಾಗಿಲು ಮುಚ್ಚಿದೆ. ರಸ್ತೆಯಿಂದ ಮೊದಲು ಎತ್ತಿ, ಆಪರೇಷನ್ ಮಾಡಿಸಿದವರು ಅವರು. ಮೂಲ ಮಾಲೀಕನೇ ಬಂದರೆ ಮಾತು ಬೇರೆ.

ನಾಪೋಕ್ಲು 571214

ಥ್ಯಾಂಕ್ಸ್ ಸರ್. ಇವತ್ತು ನಿದ್ದೆ ಬರುತ್ತೆ.

ಕುಟ್ಟ ಚೆಕ್‌ಪೋಸ್ಟ್

ಫಾಸ್ಟರ್‌ನಲ್ಲಿರುವಾಗ ಮರಿ ಹಾಕಿದರೆ ಮರಿ ಯಾರದ್ದು?

ಕರಿಕೋಟು

ಕೊಟ್ಟವರದ್ದು. ಸೆಕ್ಷನ್ 163. ಅದರ ಉದಾಹರಣೆಯೇ ಚೆನ್ನಾಗಿದೆ: ಒಬ್ಬ ಇನ್ನೊಬ್ಬನ ಹತ್ತಿರ ಹಸು ಬಿಟ್ಟು ಹೋಗ್ತಾನೆ, ಹಸು ಕರು ಹಾಕುತ್ತದೆ, ಹಸುವಿನ ಜೊತೆ ಕರುವನ್ನೂ ಕೊಡಬೇಕು. 1872ರಲ್ಲಿ ಬರೆದಿದ್ದು.

ಕುಟ್ಟ ಚೆಕ್‌ಪೋಸ್ಟ್

ಆ ಕರುವಿನ ಕೊಟ್ಟಿಗೆ ಖರ್ಚು?

ಕರಿಕೋಟು

158ಕ್ಕೆ ವಾಪಸ್ ಹೋಗಿ.

ಕ್ಯಾಲಿಫೋರ್ನಿಯಾ ಕೊಡವ

ನಮ್ಮಲ್ಲಿ 2019ರಿಂದ, ಗಂಡ ಹೆಂಡತಿ ಬೇರೆ ಆಗುವಾಗ ನಾಯಿ ಯಾರ ಹತ್ತಿರ ಚೆನ್ನಾಗಿರುತ್ತೆ ಅಂತ ಜಡ್ಜ್ ನೋಡಬಹುದು ಅಂತ ಕಾನೂನು ಬಂದಿದೆ. ಆದರೆ ಅದು ವಿಚ್ಛೇದನಕ್ಕೆ ಮಾತ್ರ. ಫಾಸ್ಟರ್ ಜಗಳ ಇಲ್ಲೂ ಕಾಗದದ ಮೇಲೇ ನಿಲ್ಲೋದು.

ಹೋಂಸ್ಟೇ ಅಂಕಲ್

ಸುಪ್ರೀಂ ಕೋರ್ಟ್ ನಾಯಿ ದತ್ತು ತಗೋಬಹುದು ಅಂತ ಹೇಳಿದೆಯಲ್ಲ? ಟಿವಿಯಲ್ಲಿ ಬಂದಿತ್ತು.

ಬೀದಿ ಬಾಲ

ಅದು 2025ರ ಆಗಸ್ಟ್ 22ರ ಆದೇಶ ಅಂಕಲ್. ಬೀದಿ ನಾಯಿ ಬೇಕಾದವರು ನಗರಸಭೆಗೆ ಅರ್ಜಿ ಹಾಕಬಹುದು, ತಗೊಂಡ ಮೇಲೆ ಮತ್ತೆ ಬೀದಿಗೆ ಬಿಡಬಾರದು ಅಂತ. ಸಂಸ್ಥೆಯ ಕೈಯಲ್ಲಿರೋ ನಾಯಿಗೂ ಇವರ ಜಗಳಕ್ಕೂ ಅದು ತಾಗಲ್ಲ.

ಸುಂಟಿಕೊಪ್ಪದ ಸೊಸೆ · ಮಂಗಳವಾರ, ಬೆಳಿಗ್ಗೆ 7.40

ರಾತ್ರಿ ಎಲ್ಲಾ ಓದಿದೆ. ಅತ್ತೆಗೂ ಓದಿ ಹೇಳಿದೆ. 'ಹಸು ಬಿಟ್ಟು ಹೋದವನು ಏಳು ತಿಂಗಳು ಹುಲ್ಲು ಕಳಿಸಿದ್ನಾ ಕೇಳು' ಅಂದರು. ಈಗ ನಾನು ಏನು ಮಾಡಲಿ? ಭಾನುವಾರಕ್ಕೆ ಐದೇ ದಿನ.

ಕರಿಕೋಟು

ಅತ್ತೆ ವಕೀಲರಾಗಬೇಕಿತ್ತು.

ಇವತ್ತೇ ಅವರಿಗೆ ಬರಹದಲ್ಲಿ ಒಂದು ಪತ್ರ ಕಳಿಸಿ. ಫೋನ್ ಬೇಡ, ಇಮೇಲ್ ಅಥವಾ ವಾಟ್ಸಾಪ್. ಜನವರಿಯ ಮೆಸೇಜ್‌ನ ತಾರೀಖು ಹಾಕಿ. ದತ್ತು ಬೇಕು ಅಂತ ಮತ್ತೆ ಕೇಳಿ. ಕಾಂಪೌಂಡ್ ತಕರಾರಿಗೆ ನೀವು ಏನು ಮಾಡೋಕೆ ತಯಾರು ಅಂತ ಬರೆಯಿರಿ. ಖರ್ಚಿನ ಪಟ್ಟಿ, ಬಿಲ್ ಸೇರಿಸಿ. 'ಕೊಡಲ್ಲ' ಅನ್ನೋ ಪದ ಎಲ್ಲೂ ಬೇಡ. ಬೆದರಿಕೆಯೂ ಬೇಡ. ಹಳೆ ಮೆಸೇಜ್ ಅಳಿಸಬೇಡಿ, ಫೋನೂ ಬದಲಾಯಿಸಬೇಡಿ.

ಅವರು ಒಪ್ಪದಿದ್ದರೆ ಮಡಿಕೇರಿ ಜಿಲ್ಲಾ ಕೋರ್ಟಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಕೇಸ್ ಹಾಕೋ ಮೊದಲೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸ್ತಾರೆ. ನಾಯಿ ಜಗಳ ಅಂತ ನಗಬಹುದು. ನಕ್ಕರೆ ನಗಲಿ, ಕೋಳಿ ಜಗಳಕ್ಕೂ ಬಂದವರಿದ್ದಾರೆ.

ಬೀದಿ ಬಾಲ

ಅಕ್ಕ, ಒಬ್ಬರನ್ನು ಮನೆ ನೋಡೋಕೆ ಕಳಿಸಿ ಅಂತ ಕೇಳಿ. ಇದುವರೆಗೆ ಯಾರೂ ಬಂದಿಲ್ಲ ಅಲ್ವಾ? ಮೆಶ್ ಕೆಲಸ ಶುರು ಮಾಡಿ ಫೋಟೋ ಕಳಿಸಿ. ಕಾನೂನಿಗಿಂತ ಆ ಫೋಟೋ ಜಾಸ್ತಿ ಕೆಲಸ ಮಾಡುತ್ತೆ. ಅತ್ತೆ ಮಂಚದ ಕೆಳಗಿನ ಫೋಟೋ ಇನ್ನೂ ಜಾಸ್ತಿ.

ರೋಬಸ್ಟಾ ಬಾಯ್

ಶನಿವಾರ ನಾನು ಫ್ರೀ. ಮೆಶ್ ಕಟ್ಟೋಕೆ ಬರ್ತೇನೆ. ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ದರೆ ಮಾತ್ರ. ಬಂದರೆ ತೋಟ ಬಿಟ್ಟು ಕದಲಲ್ಲ.

ಹೋಂಸ್ಟೇ ಅಂಕಲ್

ನನ್ನ ಹತ್ತಿರ ಅರ್ಧ ರೋಲ್ ಚೈನ್‌ಲಿಂಕ್ ಇದೆ. ಸ್ವಲ್ಪ ತುಕ್ಕು ಹಿಡಿದಿದೆ.

ಸುಂಟಿಕೊಪ್ಪದ ಸೊಸೆ · ಭಾನುವಾರ, ರಾತ್ರಿ 8.50

ಅಪ್‌ಡೇಟ್. ಇಬ್ಬರು ಬಂದಿದ್ದರು. ಜೀಪಿನಲ್ಲಿ ಪಂಜರ ತಂದಿದ್ದರು, ಅದನ್ನು ನೋಡಿಯೇ ನನಗೆ ಹೊಟ್ಟೆ ಕಲಸಿತು. ಅತ್ತೆ ಕಾಫಿ ಕೊಟ್ಟು, ಕಡುಬು ಬಡಿಸಿ, ಒಂದು ಮಾತೂ ಆಡದೆ ಮಂಚದ ಮೇಲೆ ಕೂತರು. ಜಿಗ್ಣಿ ಕೆಳಗೆ. ಮೆಶ್ ಮುಕ್ಕಾಲು ಆಗಿದೆ (ಹೂಮಳೆ ಬರಲಿಲ್ಲ, ರೋಬಸ್ಟಾ ಬಾಯ್ ಬಂದ).

ಬಂದ ಹುಡುಗಿ ಒಳ್ಳೆಯವಳು. ಕಾಲಿನ ಗಾಯ ಮುಟ್ಟಿ ನೋಡಿದಳು, ರಾತ್ರಿ ಎಲ್ಲಿ ಮಲಗುತ್ತೆ ಕೇಳಿದಳು. ಪಂಜರ ಖಾಲಿಯಾಗೇ ಹೋಯಿತು. ಸಂಜೆ ಒಂದು ದತ್ತು ಕರಾರು ಕಳಿಸಿದ್ದಾರೆ. ಖರ್ಚಿನ ಬಗ್ಗೆ ಮಾತೇ ಇಲ್ಲ, ಅದು ಹೋಗಲಿ. ಆರನೇ ಸಾಲು ನೋಡಿ: 'ಸಂಸ್ಥೆಯು ಯಾವುದೇ ಕಾರಣ ನೀಡದೆ ಯಾವಾಗ ಬೇಕಾದರೂ ನಾಯಿಯನ್ನು ಹಿಂಪಡೆಯಬಹುದು.' ಸಹಿ ಹಾಕಲಾ?

ಕರಿಕೋಟು

ಈ ಸಲ ಓದಿದಿರಲ್ಲ, ಸಂತೋಷ.

ಹಾಗೇ ಹಾಕಬೇಡಿ. ಆ ಸಾಲು ಇದ್ದರೆ ನೀವು ಇವತ್ತಿಗೂ ಫಾಸ್ಟರ್, ಹಾಳೆಯ ಹೆಸರು ಮಾತ್ರ ದತ್ತು. ದಾನ ಕೊಟ್ಟವರು ತಮ್ಮ ಮನಸ್ಸಿಗೆ ಬಂದಾಗ ವಾಪಸ್ ಪಡೆಯಬಹುದು ಅಂತ ಮಾತಾದರೆ ಆ ದಾನವೇ ಊರ್ಜಿತವಲ್ಲ ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ, ಸೆಕ್ಷನ್ 126. ಅದರ ಬದಲು ಹೀಗೆ ಕೇಳಿ: ನಾಯಿಗೆ ಹಿಂಸೆ ಕೊಟ್ಟರೆ, ಮಾರಿದರೆ, ಬೇರೆಯವರಿಗೆ ದಾಟಿಸಿದರೆ ಮಾತ್ರ ವಾಪಸ್. ಅದೂ ಬರಹದಲ್ಲಿ ಕಾರಣ ಕೊಟ್ಟು. ಜೊತೆಗೆ 'ನಾಯಿಯ ಮಾಲೀಕತ್ವ ಇಂದಿನಿಂದ ದತ್ತು ಪಡೆದವರದ್ದು' ಅಂತ ಒಂದು ಸಾಲು ಸೇರಿಸಿ.

ಬೀದಿ ಬಾಲ

ಒಪ್ಪುತ್ತೇನೆ. ನಾವು ಹಾಕೋದೂ ಹೆಚ್ಚುಕಮ್ಮಿ ಹಾಗೇ. ವರ್ಷಕ್ಕೆ ಎರಡು ಸಲ ನೋಡೋಕೆ ಬರ್ತೇವೆ ಅಂತ ಅವರು ಕೇಳಿದರೆ ಬೇಡ ಅನ್ನಬೇಡಿ.

ಸುಂಟಿಕೊಪ್ಪದ ಸೊಸೆ · ಭಾನುವಾರ, ರಾತ್ರಿ 10.15

ಆರನೇ ಸಾಲು ಹೊಡೆದು, ನೀವು ಹೇಳಿದ್ದು ಬರೆದು ಕಳಿಸಿದ್ದೇನೆ. ಎರಡು ನೀಲಿ ಗೀಟು ಬಂದಿದೆ. ಉತ್ತರ ಇನ್ನೂ ಇಲ್ಲ.

ಹೋಂಸ್ಟೇ ಅಂಕಲ್

ಉಳಿದ ಕಾಲು ಭಾಗಕ್ಕೆ ಮೆಶ್ ಬೇಕಾ? ನಾಳೆ ಕುಶಾಲನಗರಕ್ಕೆ ಹೋಗ್ತೇನೆ, ತರ್ತೇನೆ.